ಕಾಲೇಜು ಆವರಣದಲ್ಲಿ ಸೈಕಲ್: ಸವಾರಿ, ಬೀಗ, ಕಾನೂನು

ಕಾಲೇಜಿಗೆ ಹೋಗಿಬರುವ ಸೈಕಲ್ಲಿಗೂ ಒಂದು ಟೈಮ್‌ಟೇಬಲ್ ಇರುತ್ತದೆ. ಕ್ಲಾಸು ಶುರುವಾದರೆ ಅದು ಸ್ಟ್ಯಾಂಡಿನಲ್ಲಿ, ಕ್ಲಾಸು ಬಿಟ್ಟರೆ ರಸ್ತೆಯಲ್ಲಿ. ಈ ಹೊತ್ತುಗೊತ್ತು ನಿಮಗೆ ತಿಳಿದಿರುವಷ್ಟೇ ಚೆನ್ನಾಗಿ ಕಳ್ಳನಿಗೂ ತಿಳಿದಿದೆ. ಮೂರನೇ ಮಹಡಿಯಲ್ಲಿ ಪಾಠ ಕೇಳುತ್ತ ಕೂತವರು ಇನ್ನು ಮುಕ್ಕಾಲು ಗಂಟೆ ಕೆಳಗಿಳಿಯುವುದಿಲ್ಲ ಎಂಬ ಖಾತ್ರಿ ಅವನಿಗೆ ಬೇರೆ ಕಡೆ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಅಪಘಾತದ ಲೆಕ್ಕವೂ ಇದೇ. ಕ್ಲಾಸು ಬದಲಾಗುವ ಹತ್ತು ನಿಮಿಷದಲ್ಲಿ ನಡೆಯುವವರು, ಸೈಕಲ್ಲಿನವರು, ಗಾಡಿಯವರು ಎಲ್ಲರೂ ಒಂದೇ ದಾರಿಗೆ ನುಗ್ಗುತ್ತಾರೆ.

ಆದರೂ ಗೇಟು ದಾಟಿದ ಕೂಡಲೇ ನಮ್ಮ ಎಚ್ಚರ ಸಡಿಲವಾಗುತ್ತದೆ. ಹೊರಗಿನ ರಸ್ತೆಯಲ್ಲಿ ಹಿಂದೆ ನೋಡಿಯೇ ತಿರುಗುವವರು ಒಳಗೆ ಬಂದಮೇಲೆ ಹಾಗೇ ತಿರುಗಿಬಿಡುತ್ತಾರೆ. ಪೇಟೆಯಲ್ಲಿ ಬೀಗವನ್ನು ಎರಡೆರಡು ಸಲ ಎಳೆದು ನೋಡುವವರು ಗ್ರಂಥಾಲಯದ ಮುಂದೆ ‘ಪುಸ್ತಕ ಕೊಟ್ಟು ಬಂದುಬಿಡೋಣ’ ಎಂದು ಬೀಗವನ್ನೇ ಹಾಕುವುದಿಲ್ಲ. ಕಾಲೇಜು ಆವರಣ ನಮ್ಮ ಮನೆಯಂಗಳವಲ್ಲ. ಗುರುತಿಲ್ಲದ ನೂರಾರು ಜನ ದಿನವೂ ಹಾದುಹೋಗುವ ಜಾಗ ಅದು. ಅದಕ್ಕೇ ಈ ಲೇಖನವನ್ನು ಸೈಕಲ್ಲಿನ ದಿನಚರಿಯ ಕ್ರಮದಲ್ಲೇ ಬರೆದಿದ್ದೇನೆ: ಕೊಂಡ ದಿನ, ಹೊರಡುವ ಮುಂಚೆ, ದಾರಿಯಲ್ಲಿ, ಕ್ಲಾಸಿನ ಹೊತ್ತು, ರಾತ್ರಿ, ರಜೆ.

ಕೊಂಡ ದಿನವೇ ಫ್ರೇಮ್ ನಂಬರ್ ಬರೆದಿಟ್ಟುಕೊಳ್ಳಿ

ಸೈಕಲ್ ಕೈಗೆ ಬಂದ ದಿನವೇ ಅದನ್ನು ತಲೆಕೆಳಗಾಗಿ ನಿಲ್ಲಿಸಿ. ಎರಡು ಪೆಡಲ್‌ಗಳ ನಡುವೆ ಅಚ್ಚು ಹಾದುಹೋಗುವ ದಪ್ಪ ಕೊಳವೆ ಇದೆಯಲ್ಲ, ಅದರ ಅಡಿಯಲ್ಲಿ ಸಾಮಾನ್ಯವಾಗಿ ಅಕ್ಷರ, ಅಂಕಿಗಳನ್ನು ಒತ್ತಿರುತ್ತಾರೆ. ಅಲ್ಲಿ ಕಾಣದಿದ್ದರೆ ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೋ ಹಿಂದಿನ ಚಕ್ರ ಕೂರುವ ಜಾಗದ ಹತ್ತಿರವೋ ಹುಡುಕಿ. ಮಣ್ಣು, ಗ್ರೀಸು ಒರೆಸಿ ಫೋಟೊ ತೆಗೆಯಿರಿ, ನಂಬರನ್ನು ಬೇರೆಯಾಗಿ ಬರೆದೂ ಇಡಿ. ಫೋಟೊದಲ್ಲಿ ಸೊನ್ನೆಗೂ ‘ಓ’ ಅಕ್ಷರಕ್ಕೂ ವ್ಯತ್ಯಾಸ ಗೊತ್ತಾಗದೆ ಹೋಗಬಹುದು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಒತ್ತು ಕೊಡುವುದಕ್ಕೆ ಕಾರಣವಿದೆ. ಕಳುವಾದ ಸೈಕಲ್ ಪೊಲೀಸರ ಕೈಗೆ ಸಿಕ್ಕಿದರೂ ಅದು ಯಾರದೆಂದು ಹೇಳಲು ಅವರಿಗೆ ದಾರಿ ಬೇಕು. ‘ಕಪ್ಪು ಬಣ್ಣ, ಸೀಟು ಸ್ವಲ್ಪ ಹರಿದಿದೆ’ ಎಂದರೆ ನೂರು ಸೈಕಲ್ಲಿಗೆ ಹೊಂದುತ್ತದೆ. ಡೆನ್ಮಾರ್ಕಿನಲ್ಲಿ 1942ರಿಂದಲೇ ಪ್ರತಿ ಸೈಕಲ್ಲಿನ ಫ್ರೇಮಿನ ಮೇಲೂ ಬೇರೆ ಬೇರೆ ಸಂಖ್ಯೆ ಇರಬೇಕೆಂಬ ನಿಯಮವಿದೆ. ಜಪಾನಿನಲ್ಲಿ ಸೈಕಲ್ ಕೊಂಡವರು ಅದನ್ನು ನೋಂದಾಯಿಸುವುದು ಕಡ್ಡಾಯ. ನೋಂದಣಿಯ ಸ್ಟಿಕ್ಕರನ್ನು ಫ್ರೇಮಿಗೆ ಅಂಟಿಸುತ್ತಾರೆ, ಕೈಬದಲಾದರೆ ಹೊಸಬರ ಹೆಸರಿಗೆ ಮತ್ತೆ ನೋಂದಾಯಿಸಬೇಕು. ನಿಮ್ಮ ಕಾಲೇಜಿನ ಭದ್ರತಾ ವಿಭಾಗದಲ್ಲಿ ಅಂಥ ನೋಂದಣಿ ಇದೆಯೇ ಕೇಳಿ, ಇದ್ದರೆ ಮೊದಲ ವಾರದಲ್ಲೇ ಮುಗಿಸಿ. ಇಲ್ಲದಿದ್ದರೆ ಬೈಕ್ ಇಂಡೆಕ್ಸ್‌ನಂಥ ಉಚಿತ ಆನ್‌ಲೈನ್ ದಾಖಲೆಯಲ್ಲಿ ಸೇರಿಸಬಹುದು.

ಜೊತೆಗೆ ಇಡೀ ಸೈಕಲ್ ಕಾಣುವ ಒಂದು ಫೋಟೊ, ಗೀರು, ತಗ್ಗು, ಬದಲಿಸಿದ ಬಿಡಿಭಾಗಗಳದ್ದು ಹತ್ತಿರದಿಂದ ಒಂದೊಂದು ಫೋಟೊ, ಕೊಂಡ ರಸೀದಿ, ಇವೆಲ್ಲ ಒಂದೇ ಕಡೆ ಇರಲಿ. ಸೀಟಿನ ಕೊಳವೆಯೊಳಗೆ ನಿಮ್ಮ ಹೆಸರು, ಸಂಪರ್ಕ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಳಿಬಿಡುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಕಳ್ಳ ಬಣ್ಣ ಬಳಿಯಬಹುದು, ಸ್ಟಿಕ್ಕರ್ ಕೀಳಬಹುದು, ಕೊಳವೆಯೊಳಗೆ ಇಣುಕುವುದು ಕಡಿಮೆ.

ಹಳೆಯ ಸೈಕಲ್ ಕೊಳ್ಳುವವರಿಗೆ ಒಂದು ಮಾತು. ನಂಬರನ್ನು ಉಜ್ಜಿ ಅಳಿಸಿದ ಗುರುತಿದ್ದರೆ, ಮಾರುವವರಿಗೆ ಬೀಗದ ಕೀಲಿಯಾಗಲಿ ರಸೀದಿಯಾಗಲಿ ಇಲ್ಲದಿದ್ದರೆ, ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಬಿಟ್ಟುಬಿಡಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಕಳ್ಳತನಕ್ಕೆ ಸಂತೆ ಒದಗಿಸುವವರು ಕೊಳ್ಳುವ ನಾವೇ.

ಹೊರಡುವ ಮುಂಚೆ ಅರ್ಧ ನಿಮಿಷ

ಗಾಳಿ, ಬ್ರೇಕು, ಚೈನು. ಈ ಮೂರನ್ನು ನೋಡಲು ಅರ್ಧ ನಿಮಿಷ ಸಾಕು. ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಎಷ್ಟು ಗಾಳಿ ಇರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬ್ರೇಕ್ ಹಿಡಿದಾಗ ಲಿವರು ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬಂದರೆ ಆ ದಿನ ಸೈಕಲ್ ಹತ್ತಬೇಡಿ, ಮೊದಲು ಕೇಬಲ್ ಬಿಗಿ ಮಾಡಿಸಿ. ಚಕ್ರವನ್ನು ಸರಕ್ಕನೆ ಬಿಚ್ಚುವ ಲಿವರ್ ನಿಮ್ಮ ಸೈಕಲ್ಲಿನಲ್ಲಿದ್ದರೆ ಅದು ಪೂರ್ತಿ ಮಡಚಿ ಬಿಗಿಯಾಗಿದೆಯೇ ಎಂದೂ ನೋಡಿ. ಸ್ಟ್ಯಾಂಡಿನಲ್ಲಿ ಯಾರೋ ಕೈಯಾಡಿಸಿ ಬಿಟ್ಟುಹೋಗಿರಬಹುದು.

ಹೆಲ್ಮೆಟ್ ವಿಚಾರದಲ್ಲಿ ವಾದಗಳು ಬಹಳ ಇವೆ. ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ಮೇಲಿನ 40 ಅಧ್ಯಯನಗಳನ್ನು ಆಸ್ಟ್ರೇಲಿಯಾದ ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ಪೆಟ್ಟು ಬೀಳುವ ಸಂಭವ ಸುಮಾರು 51%, ಗಂಭೀರ ಪೆಟ್ಟಿನ ಸಂಭವ ಸುಮಾರು 69% ಕಡಿಮೆ ಇತ್ತು. ನನಗೆ ಇಷ್ಟು ಸಾಕು. ಆದರೆ ಸರಿಯಾಗಿ ಕೂರದ ಹೆಲ್ಮೆಟ್ಟಿನಿಂದ ಪ್ರಯೋಜನ ಕಡಿಮೆ. ಅದರ ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳಿಗಿಂತ ಮೇಲೆ ಹೋಗಬಾರದು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಒಂದೆರಡು ಬೆರಳು ಹಿಡಿಸುವಷ್ಟೇ ಸಡಿಲ ಇರಬೇಕು. ಒಳಗಿನ ಥರ್ಮೋಕೋಲಿನಂಥ ಪದರ ತಾನು ನಜ್ಜಾಗಿ ಪೆಟ್ಟಿನ ಬಲವನ್ನು ನುಂಗುತ್ತದೆ. ಹೀಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗೇ ಕಂಡರೂ ಬದಲಿಸಲೇಬೇಕು.

ಆ ಹತ್ತು ನಿಮಿಷ

ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಫೋನಿನ ಮೇಲೆ ಮೂರು ಸೆಕೆಂಡ್ ಕಣ್ಣಾಡಿಸಿದರೆ ಹದಿನಾರು ಮೀಟರ್ ದೂರವನ್ನು ಕಣ್ಣುಮುಚ್ಚಿ ದಾಟಿದ ಹಾಗೆ. ಅಷ್ಟರೊಳಗೆ ಕಟ್ಟಡದ ಬಾಗಿಲಿಂದ ಒಂದು ಗುಂಪು ಮಾತಾಡುತ್ತ ರಸ್ತೆಗೆ ಇಳಿದಿರುತ್ತದೆ.

ಕ್ಲಾಸು ಬಿಟ್ಟ ಹೊತ್ತಿನಲ್ಲಿ ನಡೆಯುವವರು ನಿಮ್ಮನ್ನು ನೋಡಿಲ್ಲ ಎಂದುಕೊಂಡೇ ಹೋಗಿ. ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ, ಮನಸ್ಸು ಮುಂದಿನ ಟೆಸ್ಟಿನ ಮೇಲಿರುತ್ತದೆ. ಹಿಂದಿನಿಂದ ತೀರ ಹತ್ತಿರ ಬಂದು ಬೆಲ್ ಹೊಡೆದರೆ ಬೆಚ್ಚಿ ಯಾವ ಕಡೆಗೆ ಹಾರುತ್ತಾರೋ ಹೇಳಲಾಗದು. ದೂರದಿಂದಲೇ ಒಂದು ಸಲ ಬೆಲ್ ಮಾಡಿ, ವೇಗ ಇಳಿಸಿ, ಅವರು ಸರಿದದ್ದು ಕಂಡ ಮೇಲೆ ಮುಂದೆ ಹೋಗಿ. ಜನ ತೀರ ದಟ್ಟವಾಗಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಕ್ಲಾಸಿಗೆ ಎರಡು ನಿಮಿಷ ತಡವಾದೀತು, ಯಾರ ಕೈಯೂ ಮುರಿಯುವುದಿಲ್ಲ.

ನಿಂತ ಕಾರುಗಳ ಸಾಲಿನ ಪಕ್ಕ ಹೋಗುವಾಗ ಒಂದು ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು, ಅಂದರೆ ಸುಮಾರು ಒಂದೂವರೆ ಮೀಟರ್ ಅಂತರ ಬಿಡಿ. ನೀವೇ ಕಾರಿನಲ್ಲಿದ್ದಾಗ ಬಾಗಿಲನ್ನು ಅದರಿಂದ ದೂರವಿರುವ ಕೈಯಿಂದ ತೆರೆಯಿರಿ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ. ಇದನ್ನು ನೆದರ್‌ಲೆಂಡ್ಸಿನ ಹೆಸರಿನಲ್ಲಿ ‘ಡಚ್ ರೀಚ್’ ಎನ್ನುತ್ತಾರೆ. ಬಸ್ಸು, ಲಾರಿ ತಿರುಗುತ್ತಿರುವಾಗ ಅದರ ಒಳಮಗ್ಗುಲಿಗೆ ನುಗ್ಗಬೇಡಿ. ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ.

ಬ್ರೇಕಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆಂದು ಹೆದರಿ ಎಷ್ಟೋ ಜನ ಹಿಂದಿನದನ್ನೇ ಹಿಡಿಯುತ್ತಾರೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಬಲ ಹೆಚ್ಚು ಇರುವುದು ಮುಂದಿನ ಚಕ್ರದಲ್ಲೇ. ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಒತ್ತಿ, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿದರೆ ಕೈಗೆ ಹತ್ತುತ್ತದೆ. ಮಳೆಯಲ್ಲಿ, ಅದರಲ್ಲೂ ರಸ್ತೆಗೆ ಬಳಿದ ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಒದ್ದೆ ಎಲೆಗಳ ಮೇಲೆ ಬ್ರೇಕ್ ಹಿಡಿಯಬೇಡಿ, ತಿರುಗಿಸಲೂ ಬೇಡಿ. ಅವು ಬರುವ ಮುಂಚೆಯೇ ನಿಧಾನ ಮಾಡಿ, ನೆಟ್ಟಗೆ ದಾಟಿ.

ಕಾನೂನು ಎರಡು ಪದರದ್ದು

ಸೈಕಲ್ಲಿಗೆ ಲೈಸೆನ್ಸ್ ಬೇಡ ಎಂದರೆ ಕಾನೂನೇ ಇಲ್ಲ ಎಂದಲ್ಲ. 1968ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದ ಸೈಕಲ್ಲನ್ನು ವಾಹನವೆಂದೇ ಎಣಿಸುತ್ತದೆ. ಸರಿಯಾದ ಬ್ರೇಕ್, ಸಾಕಷ್ಟು ದೂರಕ್ಕೆ ಕೇಳುವ ಬೆಲ್, ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಬಿಳಿ ಅಥವಾ ಹಳದಿ ದೀಪ, ಹಿಂದೆ ಕೆಂಪು ದೀಪಕ್ಕೆ ವ್ಯವಸ್ಥೆ, ಇವಿಷ್ಟು ಇರಬೇಕೆನ್ನುತ್ತದೆ. ಹ್ಯಾಂಡಲ್ ಮೇಲೆ ಕನಿಷ್ಠ ಒಂದು ಕೈ ಇರಬೇಕು, ಬೇರೆ ವಾಹನ ಹಿಡಿದುಕೊಂಡು ಎಳೆಸಿಕೊಂಡು ಹೋಗಬಾರದು ಎಂಬುದೂ ಅದರಲ್ಲಿದೆ. ಸೈಕಲ್ ತಳ್ಳಿಕೊಂಡು ನಡೆಯುವವರನ್ನು ಮಾತ್ರ ಅದು ಪಾದಚಾರಿ ಎಂದು ನೋಡುತ್ತದೆ. ಅಂದರೆ ಸೀಟಿನ ಮೇಲಿರುವ ತನಕ ಕೆಂಪು ದೀಪ, ಏಕಮುಖ ಸಂಚಾರ, ದಾರಿ ಬಿಡುವ ನಿಯಮ ಎಲ್ಲವೂ ನಿಮಗೂ ಅನ್ವಯ. ಎದುರು ದಿಕ್ಕಿನಲ್ಲಿ ಬರುವುದು ನಿಯಮಕ್ಕೆ ವಿರುದ್ಧ ಮಾತ್ರವಲ್ಲ, ಅಡ್ಡರಸ್ತೆಯಿಂದ ಬರುವ ಚಾಲಕರು ಆ ಕಡೆಗೆ ನೋಡುವುದೇ ಇಲ್ಲವಾದ್ದರಿಂದ ಬಹಳ ಅಪಾಯದ್ದು.

ಇದರಾಚೆ ಒಂದೊಂದು ಕಡೆ ಒಂದೊಂದು ರೀತಿ. ನೆದರ್‌ಲೆಂಡ್ಸಿನಲ್ಲಿ 2019ರ ಜುಲೈ 1ರಿಂದ ಸೈಕಲ್ ಓಡಿಸುತ್ತ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಸೈಕಲ್ ಓಡಿಸಬಾರದು. ಅಮೆರಿಕದ್ದೇ ಐಡಹೊ ರಾಜ್ಯದಲ್ಲಿ 1982ರಿಂದ ಸ್ಟಾಪ್ ಫಲಕವಿರುವ ಕಡೆ, ಬೇರೆ ವಾಹನ ಬರುತ್ತಿಲ್ಲದಿದ್ದರೆ, ಸೈಕಲ್ ಸವಾರರು ಪೂರ್ತಿ ನಿಲ್ಲದೆ ನಿಧಾನವಾಗಿ ದಾಟಬಹುದು. ಓದಲು ಬೇರೆ ದೇಶಕ್ಕೆ ಹೋದವರು ಅಲ್ಲಿನ ನಿಯಮವನ್ನು ಮೊದಲ ವಾರದಲ್ಲೇ ಓದಿಕೊಳ್ಳಬೇಕು, ಊರಿನ ಅಭ್ಯಾಸವೇ ಅಲ್ಲೂ ನಡೆಯುತ್ತದೆಂದು ಊಹಿಸಬಾರದು.

ಎರಡನೆಯ ಪದರ ಕಾಲೇಜಿನದೇ. ಆವರಣದೊಳಗೆ ವೇಗದ ಮಿತಿ, ಇಳಿದು ತಳ್ಳಬೇಕಾದ ಜಾಗ, ನಿಲ್ಲಿಸಬಹುದಾದ ಸ್ಥಳ ಇವನ್ನೆಲ್ಲ ಸಂಸ್ಥೆ ಗೊತ್ತುಮಾಡಿರಬಹುದು. ಭದ್ರತಾ ಕಚೇರಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ: ಎಲ್ಲಿ ಓಡಿಸುವಂತಿಲ್ಲ, ಎಲ್ಲಿ ನಿಲ್ಲಿಸುವಂತಿಲ್ಲ, ತಪ್ಪು ಜಾಗದಲ್ಲಿದ್ದರೆ ಬೀಗ ಕತ್ತರಿಸುತ್ತಾರೆಯೇ, ಕತ್ತರಿಸಿದ ಮೇಲೆ ಸೈಕಲ್ ಎಲ್ಲಿ ಇಡುತ್ತಾರೆ. ಮೆಟ್ಟಿಲಿನ ಕಂಬಿಗೆ, ಗಾಲಿಕುರ್ಚಿಯ ಇಳಿಜಾರಿನ ಹಿಡಿಕೆಗೆ, ತುರ್ತು ಬಾಗಿಲಿನ ಎದುರಿಗೆ ಕಟ್ಟಿದ ಸೈಕಲ್ಲನ್ನು ತೆಗೆಸುವುದು ನ್ಯಾಯವೇ. ಆ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಲಾಗದವರು ಇರುತ್ತಾರೆ.

ಕ್ಲಾಸಿನ ಹೊತ್ತು: ಬೀಗ ಹಾಕುವ ಕ್ರಮ

ಮುಂದಿನ ಚಕ್ರ ಮಾತ್ರ ಬೀಗದೊಂದಿಗೆ ಸ್ಟ್ಯಾಂಡಿಗೆ ಅಂಟಿಕೊಂಡು ನಿಂತಿದೆ, ಸೈಕಲ್ ಇಲ್ಲ. ಕಾಲೇಜಿನ ಸ್ಟ್ಯಾಂಡುಗಳಲ್ಲಿ ಇಂಥ ಒಂಟಿ ಚಕ್ರ ನೋಡಿದವರು ಅನೇಕರು. ಸ್ಪರ್ಧೆಗಳಲ್ಲಿ ಚಕ್ರವನ್ನು ಬೇಗ ಬದಲಿಸಲೆಂದು ಬಂದ ಲಿವರ್ ಈಗ ದಿನಬಳಕೆಯ ಸೈಕಲ್‌ಗಳಲ್ಲೂ ಇದೆ. ಸ್ಪರ್ಧಿಗೆ ಆಗುವ ಅನುಕೂಲ ಕಳ್ಳನಿಗೂ ಆಗುತ್ತದೆ.

ಮೊದಲು ಬೀಗದ ಆಯ್ಕೆ. ತೆಳು ಕೇಬಲ್ ಬೀಗ ಕೈಯಲ್ಲಿ ಹಿಡಿಯುವ ಕಟರಿಗೆ ಕೆಲವೇ ಸೆಕೆಂಡಿನಲ್ಲಿ ತುಂಡಾಗುತ್ತದೆ. ಅದನ್ನು ಮುಖ್ಯ ಬೀಗವಾಗಿ ಬಳಸಬೇಡಿ. ಮೂರು ಅಂಕಿಯ ನಂಬರ್ ಬೀಗದಲ್ಲಿ ಇರುವುದೇ 1,000 ಜೋಡಣೆ, ಅದೂ ಮುಚ್ಚುವಾಗ ಒಂದೇ ಅಂಕಿ ತಿರುಗಿಸಿ ಹೋದರೆ ಬೀಗವೇ ಇಲ್ಲದ ಹಾಗೆ. ಗಟ್ಟಿಗೊಳಿಸಿದ ಉಕ್ಕಿನ ಯು-ಲಾಕ್ (ಇಂಗ್ಲಿಷಿನ ‘ಯು’ ಅಕ್ಷರದ ಆಕಾರದ ಬೀಗ) ಅಥವಾ ದಪ್ಪ ಚೈನು ಬೇಕು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ಬೀಗಗಳನ್ನು ಮುರಿದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ, ಅಂಥ ಗುರುತು ಇರುವುದನ್ನು ಆರಿಸಿ. ದುಬಾರಿ ಎಂದ ಮಾತ್ರಕ್ಕೆ ನಂಬಬೇಡಿ. 2004ರಲ್ಲಿ, ಕೊಳವೆಯಾಕಾರದ ಕೀಲಿಯ ಕೆಲವು ಹೆಸರಾಂತ ಯು-ಲಾಕುಗಳು ಮಾಮೂಲಿ ಬಾಲ್‌ಪೆನ್ನಿನ ಹಿಂಬದಿ ತುರುಕಿ ತಿರುಗಿಸಿದರೆ ತೆರೆದುಕೊಳ್ಳುತ್ತವೆಂದು ಬಯಲಾಯಿತು. ಹಳೆಯ ಬೀಗ ಕೈಗೆ ಬಂದರೆ ಕೀಲಿ ಚಪ್ಪಟೆಯದೇ ನೋಡಿಕೊಳ್ಳಿ.

ಇನ್ನು ಹಾಕುವ ಕ್ರಮ:

1. ಕಂಬವನ್ನು ಮೊದಲು ಪರೀಕ್ಷಿಸಿ. ಹಿಡಿದು ಅಲ್ಲಾಡಿಸಿ, ನೆಲದ ಬೋಲ್ಟುಗಳನ್ನು ನೋಡಿ. ಯಾರೋ ಮೊದಲೇ ಕೊಯ್ದು ಟೇಪು ಸುತ್ತಿಟ್ಟ ಕಂಬಿಗಳೂ ಇರುತ್ತವೆ. ಗಿಡ, ತಂತಿಬೇಲಿ, ಸೈಕಲ್ಲನ್ನು ಮೇಲಿನಿಂದ ಎತ್ತಿಬಿಡಬಹುದಾದ ಗಿಡ್ಡ ಕಂಬ ಬೇಡ.

2. ಯು-ಲಾಕ್ ಒಳಗೆ ಮೂರು ಸೇರಬೇಕು: ಕಂಬ, ಫ್ರೇಮು, ಹಿಂದಿನ ಚಕ್ರ. ಹಿಂದಿನ ಚಕ್ರದಲ್ಲಿ ಗೇರು, ಹಬ್ಬು ಇರುವುದರಿಂದ ಅದೇ ಹೆಚ್ಚು ಬೆಲೆಯದು. ಬೀಗ ಚಿಕ್ಕದಾಗಿ ಮೂರೂ ಹಿಡಿಸದಿದ್ದರೆ, ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಹೇಳಿಕೊಟ್ಟ ವಿಧಾನವಿದೆ. ಫ್ರೇಮಿನ ಹಿಂಭಾಗದ ತ್ರಿಕೋನದ ಒಳಗೆ ಬರುವಂತೆ ಹಿಂದಿನ ರಿಮ್ಮನ್ನು ಕಂಬಕ್ಕೆ ಸೇರಿಸಿ ಬೀಗ ಹಾಕುವುದು. ಬೀಗ ಹಾಕಿದ ಚಕ್ರ ಆ ತ್ರಿಕೋನದಿಂದ ಹೊರಬರಲಾರದ್ದರಿಂದ ಫ್ರೇಮು ತಾನಾಗಿ ಸಿಕ್ಕಿಕೊಳ್ಳುತ್ತದೆ. ರಿಮ್ಮನ್ನೇ ಗರಗಸದಲ್ಲಿ ಕೊಯ್ಯಲು ಹೋದರೆ, ಕಡ್ಡಿಗಳ ಎಳೆತದಿಂದ ಅದು ಒಳಮುಖವಾಗಿ ಬಿಗಿದು ಬ್ಲೇಡನ್ನು ಹಿಡಿದುಕೊಳ್ಳುತ್ತದೆ.

3. ಬೀಗದೊಳಗೆ ಖಾಲಿ ಜಾಗ ಆದಷ್ಟು ಕಡಿಮೆ ಇರಲಿ. ಸಂದಿಯಿದ್ದರೆ ಹಾರೆ, ಜಾಕು ತೂರಿಸಲು ಅನುಕೂಲ. ಬೀಗ ನೆಲಕ್ಕೆ ತಾಗದಿರಲಿ, ನೆಲ ಆಸರೆಯಾದರೆ ಸುತ್ತಿಗೆ ಪೆಟ್ಟು ಚೆನ್ನಾಗಿ ಕೂರುತ್ತದೆ. ಕೀಲಿತೂತು ಕೆಳಮುಖವಾಗಿರಲಿ.

4. ಮುಂದಿನ ಚಕ್ರಕ್ಕೆ ಎರಡನೆಯ ಬೀಗ ಹಾಕಿ, ಅದು ಬೇರೆ ಜಾತಿಯದಾಗಿರಲಿ. ಒಂದಕ್ಕೆ ಬೇಕಾದ ಸಲಕರಣೆ ಇನ್ನೊಂದಕ್ಕೆ ಉಪಯೋಗಕ್ಕೆ ಬರಬಾರದು. ಸರಕ್ಕನೆ ಬಿಚ್ಚುವ ಲಿವರುಗಳ ಬದಲು ಅಲೆನ್ ಕೀ ಬೇಕಾಗುವ ಬೋಲ್ಟು ಹಾಕಿಸಿದರೆ ಇನ್ನೂ ಒಳ್ಳೆಯದು.

5. ದೀಪ, ಪಂಪು, ಚೀಲ ಬಿಚ್ಚಿಕೊಂಡು ಹೋಗಿ. ಇ-ಬೈಕ್ ಆದರೆ ಬ್ಯಾಟರಿಯನ್ನೂ.

6. ಹೊರಡುವ ಮುಂಚೆ ಬೀಗವನ್ನು ಒಮ್ಮೆ ಎಳೆದು ನೋಡಿ.

ಲೋಹ ಕೊಯ್ಯುವ ಬ್ಯಾಟರಿ ಗ್ರೈಂಡರ್ ಹಿಡಿದು ಬಂದವನ ಎದುರು ಹೆಚ್ಚಿನ ಬೀಗಗಳು ಕೆಲವು ನಿಮಿಷಕ್ಕಿಂತ ಜಾಸ್ತಿ ತಡೆಯಲಾರವು. ಹಾಗಾದರೆ ಬೀಗ ಏಕೆ? ಗ್ರೈಂಡರಿಗೆ ಸದ್ದಿದೆ, ಕಿಡಿಯಿದೆ, ಹೊತ್ತು ಬೇಕು. ಜನ ಓಡಾಡುವ, ಕಿಟಕಿಗಳು ತೆರೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿದರೆ ಆ ಕೆಲವು ನಿಮಿಷಗಳೇ ಕಳ್ಳನಿಗೆ ಭಾರ. ಕಟ್ಟಡದ ಹಿಂದಿನ ಸ್ಟ್ಯಾಂಡು ನೆರಳಾಗಿದೆ ಎಂದು ಅಲ್ಲಿ ನಿಲ್ಲಿಸಿದರೆ ಅವನಿಗೂ ನೆರಳೇ.

ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಅಲ್ಲಿನ ಸಂಶೋಧಕರು ಆವರಣದ ಮೂರು ಸೈಕಲ್ ಸ್ಟ್ಯಾಂಡುಗಳಲ್ಲಿ, ದಿಟ್ಟಿಸಿ ನೋಡುವ ಎರಡು ಕಣ್ಣಿನ ಚಿತ್ರವಿರುವ ಎಚ್ಚರಿಕೆ ಫಲಕ ಹಾಕಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಜಾಗಗಳಲ್ಲಿ ಕಳ್ಳತನ 62% ಇಳಿಯಿತು. ಅದೇ ವೇಳೆ ಫಲಕವಿಲ್ಲದ ಕಡೆ 65% ಏರಿತು. ಕಳ್ಳರು ಕೈಬಿಡಲಿಲ್ಲ, ಜಾಗ ಬದಲಿಸಿದರು. ವಿದ್ಯಾರ್ಥಿ ಸಂಘದವರು ಇದನ್ನು ಗಮನಿಸಬೇಕು: ಒಂದು ಕಟ್ಟಡದ ಮುಂದೆ ಮಾತ್ರ ಕ್ಯಾಮೆರಾ, ಫಲಕ ಕೇಳಿ ಪಡೆದರೆ ಪಕ್ಕದ ಕಟ್ಟಡದವರು ಸೈಕಲ್ ಕಳೆದುಕೊಳ್ಳುತ್ತಾರೆ. ಕೇಳುವುದಾದರೆ ಎಲ್ಲ ಸ್ಟ್ಯಾಂಡುಗಳಿಗೂ ಕೇಳಿ.

ಕತ್ತಲಾದ ಮೇಲೆ

ದೀಪ ಇರುವುದು ನೀವು ನೋಡಲು ಮಾತ್ರವಲ್ಲ, ನೀವು ಕಾಣಲು. ಬೀದಿದೀಪ ಚೆನ್ನಾಗಿದ್ದರೂ ಮುಂದೆ ಬಿಳಿ, ಹಿಂದೆ ಕೆಂಪು ಹಚ್ಚಿ. ಹೊಳೆಯುವ ಪಟ್ಟಿಯನ್ನು ಬೆನ್ನಿಗಿಂತ ಕಣಕಾಲಿಗೆ, ಮೊಣಕಾಲಿಗೆ ಕಟ್ಟಿದರೆ ಹೆಚ್ಚು ಗುಣ. ಪೆಡಲ್ ತುಳಿಯುವಾಗ ಅದು ಮೇಲೆ ಕೆಳಗೆ ಆಡುವುದರಿಂದ ಚಾಲಕರಿಗೆ ಅಲ್ಲಿರುವುದು ಮನುಷ್ಯ ಎಂದು ಥಟ್ಟನೆ ತಿಳಿಯುತ್ತದೆ. ರಾತ್ರಿ ಸೈಕಲ್ಲನ್ನು ಹಾಸ್ಟೆಲಿನ ಒಳಗೆ ಬೀಗವಿರುವ ಕೋಣೆಯಲ್ಲಿ ಇಡಲು ಅವಕಾಶವಿದ್ದರೆ ಬಿಡಬೇಡಿ, ಆದರೆ ಕಾರಿಡಾರಿನಲ್ಲಿ, ಮೆಟ್ಟಿಲ ಕೆಳಗೆ ಬೇಡ. ಇ-ಬೈಕಿನ ಲಿಥಿಯಂ ಬ್ಯಾಟರಿಯನ್ನು ಅದರದೇ ಚಾರ್ಜರಿನಲ್ಲಿ, ನೀವು ಎಚ್ಚರವಿರುವಾಗ ಚಾರ್ಜ್ ಮಾಡಿ. ಬಾಗಿಲ ಬಳಿ ಅಂತೂ ಬೇಡವೇ ಬೇಡ, ಬೆಂಕಿ ಹೊತ್ತಿದರೆ ಹೊರಗೆ ಹೋಗುವ ದಾರಿ ಅದೊಂದೇ.

ರಜೆಗೆ ಊರಿಗೆ ಹೋಗುವಾಗ

ವಾರಗಟ್ಟಲೆ ಅಲ್ಲಾಡದ ಸೈಕಲ್ ಇಬ್ಬರ ಕಣ್ಣಿಗೆ ಬೀಳುತ್ತದೆ. ಒಬ್ಬ ಕಳ್ಳ, ಇನ್ನೊಬ್ಬರು ಬಿಟ್ಟುಹೋದ ಸೈಕಲ್‌ಗಳನ್ನು ತೆರವು ಮಾಡುವ ಸಿಬ್ಬಂದಿ. ತೆರವಿಗೆ ಮುಂಚೆ ಚೀಟಿ ಕಟ್ಟುವ ರೂಢಿ ಹಲವು ಕಡೆ ಇದೆ, ಆದರೆ ನೀವು ಊರಲ್ಲಿದ್ದರೆ ಚೀಟಿ ಓದುವವರು ಯಾರು? ಒಳಗೆ ಇಡಲು ಕೇಳಿ, ಇಲ್ಲದಿದ್ದರೆ ಆವರಣದಲ್ಲೇ ಉಳಿಯುವ ಸ್ನೇಹಿತರಿಗೆ ಕೀಲಿ ಕೊಟ್ಟು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಲು ಹೇಳಿ. ಓದು ಮುಗಿಸಿ ಹೋಗುವವರು ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ತುಕ್ಕು ಹಿಡಿಯಲು ಬಿಡುವ ಬದಲು ಹೊಸಬರಿಗೆ ಕೊಟ್ಟು, ರಸೀದಿ, ಫ್ರೇಮ್ ನಂಬರ್ ದಾಖಲೆಯನ್ನೂ ಅವರ ಹೆಸರಿಗೆ ಮಾಡಿಕೊಡಿ.

ಕಳೆದುಹೋದರೆ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರೆ. ಆದರೆ ಸೈಕಲ್ ವಿಷಯದಲ್ಲಿ ಹೋದ ಮೇಲೆ ಮಾಡುವ ಕೆಲಸಕ್ಕೂ ಬೆಲೆಯಿದೆ, ಬೇಗ ಮಾಡಿದರೆ.

ಮೊದಲು ಕಾಲೇಜಿನ ಭದ್ರತಾ ವಿಭಾಗವನ್ನು ಕೇಳಿ, ಅವರೇ ತೆಗೆಸಿರಬಹುದು. ಅವರಲ್ಲ ಎಂದಾದರೆ ತುಂಡಾದ ಬೀಗ ಬಿದ್ದಿದ್ದರೆ ಮುಟ್ಟುವ ಮುಂಚೆ ಫೋಟೊ ತೆಗೆಯಿರಿ. ಕ್ಯಾಮೆರಾದ ದೃಶ್ಯವನ್ನು ಉಳಿಸಿಡಿ ಎಂದು ಅದೇ ದಿನ ಬರಹದಲ್ಲಿ ಕೇಳಿ, ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಯಾವಾಗ ನಿಲ್ಲಿಸಿದಿರಿ, ಯಾವಾಗ ಬಂದು ನೋಡಿದಿರಿ ಎಂಬುದನ್ನು ಗಂಟೆ ನಿಮಿಷ ಸಹಿತ ಹೇಳಿ. ಇಡೀ ದಿನದ ದೃಶ್ಯ ನೋಡಲು ಯಾರೂ ಕೂರುವುದಿಲ್ಲ, ಐವತ್ತು ನಿಮಿಷದ್ದಾದರೆ ನೋಡುತ್ತಾರೆ.

ಆಮೇಲೆ ಪೊಲೀಸ್ ದೂರು. ಫ್ರೇಮ್ ನಂಬರ್, ಫೋಟೊ, ರಸೀದಿ ಜೊತೆಗಿರಲಿ. ದೂರಿನ ಪ್ರತಿ ಪಡೆಯದೆ ಬರಬೇಡಿ, ವಿಮೆ ಇದ್ದರೆ ಅದು ಬೇಕೇಬೇಕು. ಆನ್‌ಲೈನ್ ದಾಖಲೆಯಲ್ಲಿ ‘ಕಳುವಾಗಿದೆ’ ಎಂದು ಬದಲಿಸಿ. ಹಳೆಯ ಸಾಮಾನು ಮಾರುವ ಆ್ಯಪು, ಗುಂಪುಗಳನ್ನು ಕೆಲವು ವಾರ ದಿನವೂ ನೋಡಿ, ಅಕ್ಕಪಕ್ಕದ ಊರುಗಳದ್ದನ್ನೂ ಸೇರಿಸಿ.

ಅಲ್ಲಿ ನಿಮ್ಮದೇ ಸೈಕಲ್ ಕಂಡರೆ ಸಿಟ್ಟಿನಲ್ಲಿ ಒಬ್ಬರೇ ಹೋಗಿ ಕಿತ್ತುಕೊಳ್ಳಲು ನೋಡಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದು, ಮಾರುವವರ ಜೊತೆ ಮಾತು ಬೆಳೆಸದೆ, ದೂರಿನ ಸಂಖ್ಯೆಯೊಂದಿಗೆ ಪೊಲೀಸರಿಗೆ ಕೊಡಿ. ಅವರು ಸೈಕಲ್ ತಿರುಗಿಸಿ ಅಡಿಯ ನಂಬರ್ ಓದುವಾಗ, ಕೊಂಡ ದಿನ ನೀವು ಗ್ರೀಸು ಒರೆಸಿ ಬರೆದಿಟ್ಟ ಚೀಟಿ ಕೈಯಲ್ಲಿರಲಿ.